ಶಿವನಸಮುದ್ರವೂ ದಿವಾನ್ ಶೇಷಾದ್ರಿ ಅಯ್ಯರವರೂ

ಒಡೆಯರಪಾಳ್ಯದ ಕಡೆಯಿಂದ ಲೊಕ್ಕನಹಳ್ಳಿಯ ದಾರಿಯಾಗಿ ಕೊಳ್ಳೇಗಾಲಕ್ಕೆ ಇಳಿದು, ಅಲ್ಲಿಂದ ಸತ್ತೇಗಾಲದ ಮಾರ್ಗವನ್ನು ಹಿಡಿದವರಿಗೆ ಶಿವನಸಮುದ್ರವು ದೂರವಾದ ಸ್ಥಳವಲ್ಲ. ಕಾವೇರಿಯು ಅಲ್ಲಿ ಎರಡು ಕವಲಾಗಿ ಒಡೆದು, ನಡುವೆ ದ್ವೀಪವೊಂದನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯೆಂದೂ ಮತ್ತೊಂದು ಕಡೆ ಭರಚುಕ್ಕಿಯೆಂದೂ ಹೆಸರು ಪಡೆದು ಕಂದರಕ್ಕೆ ಧುಮುಕುತ್ತದೆ. ಈ ಸೀಮೆಯಲ್ಲಿ ಹುಟ್ಟಿದವರು ಆ ನೋಟವನ್ನು ಕಾಣದೆ ಇರಲಾರರು. ಆದರೆ ಕಂಡವರೆಲ್ಲರೂ ಒಂದೇ ವಸ್ತುವನ್ನು ಕಂಡರೆಂದು ಹೇಳಲಾಗದು.

ಭಕ್ತನಿಗೆ ಅದು ಮಧ್ಯರಂಗನ ಕ್ಷೇತ್ರ. ಮೇಲೆ ಶ್ರೀರಂಗಪಟ್ಟಣದ ಆದಿರಂಗ, ಕೆಳಗೆ ಶ್ರೀರಂಗದ ಅಂತ್ಯರಂಗ, ಇವೆರಡರ ನಡುವೆ ಇಲ್ಲಿಯ ಜಗನ್ಮೋಹನ ರಂಗನಾಥ. ಉಮ್ಮತ್ತೂರಿನ ಗಂಗರಾಜನಿಗೆ ಅದು ನದಿಯೇ ಕಂದಕವಾದ ದುರ್ಗ. ಆ ದುರ್ಗವನ್ನು ಮುರಿಯಲು ವಿಜಯನಗರದ ಕೃಷ್ಣದೇವರಾಯನೇ ತನ್ನ ಆಳ್ವಿಕೆಯ ಆದಿಯಲ್ಲಿ ದಂಡೆತ್ತಿ ಬರಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ದೊರೆಗಳಿಗೂ ದೊರೆಸಾನಿಯರಿಗೂ ಅದು ಡೇರೆ ಹಾಕಿ ಒಂದೆರಡು ದಿನ ತಂಗಿ, ನೋಡಿ ಸಂತೋಷಪಟ್ಟು, ಮರಳುವ ರಮ್ಯಸ್ಥಾನ. ಹೀಗೆ ನೂರಾರು ವರ್ಷಗಳವರೆಗೆ ನೀರು ಬೀಳುತ್ತಲೇ ಇದ್ದಿತು. ಜನರು ನೋಡುತ್ತಲೇ ಇದ್ದರು. ಈ ನೀರಿಗೆ ಬೇರೊಂದು ಪ್ರಶ್ನೆಯನ್ನು ಹಾಕಿದ ಸರ್ಕಾರದ ಮುಂದಾಳು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು. ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದಕ್ಕೆ ಆ ಒಂದು ಪ್ರಶ್ನೆಯೇ ನಮಗೆ ಕಾರಣ.

ಶೇಷಾದ್ರಿ ಅಯ್ಯರವರು ೧೮೪೫ನೆಯ ಇಸವಿ ಜೂನ್ ತಿಂಗಳಲ್ಲಿ ಪಾಲಕ್ಕಾಡಿನ ಬಳಿಯ ಕುಮಾರಪುರವೆಂಬ ಗ್ರಾಮದಲ್ಲಿ ಜನಿಸಿದರು. ತಂದೆಯವರು ಕಲ್ಲಿಕೋಟೆಯಲ್ಲಿ ವಕೀಲರು. ಬಾಲಕರು ಅಲ್ಲಿಯೇ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿಯನ್ನು ಪಡೆದರು. ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದ ಅವರನ್ನು ೧೮೬೮ರಲ್ಲಿ ಮೈಸೂರು ಸೀಮೆಗೆ ಕರೆತಂದದ್ದು ರಂಗಾಚಾರ್ಲು ಅವರ ಪರಿಚಯ. ಅಷ್ಟಗ್ರಾಮ ವಿಭಾಗದ ನ್ಯಾಯಖಾತೆಯಲ್ಲಿ ಶಿರಸ್ತೇದಾರರಾಗಿ ಸೇರಿ, ಮುಂದೆ ಡೆಪ್ಯೂಟಿ ಕಮಿಷನರ ಹುದ್ದೆಯವರೆಗೆ ಏರಿದರು. ಕಡತದ ಕೆಲಸವನ್ನು ಕೆಳಗಿನ ಮೆಟ್ಟಿಲಿನಿಂದ ಕಲಿತವರಾದ ಕಾರಣ, ಮುಂದೆ ಅವರ ಮೇಜಿನ ಮೇಲೆ ಬಂದ ಯಾವ ಕಾಗದವೂ ಅವರನ್ನು ಮೋಸಗೊಳಿಸಲಾಗಲಿಲ್ಲ.

ಅವರ ಸೇವೆಯ ಆ ವರ್ಷಗಳಲ್ಲಿಯೇ ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮವು ಮೈಸೂರನ್ನು ಕಾಡಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ನಾಶವಾಯಿತು. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರ ಕೈಗೆ ಬಂದಾಗ ಅದರೊಡನೆ ಬಂದದ್ದು ಬರಿದಾದ ಬೊಕ್ಕಸ ಮತ್ತು ಸಾಲದ ಹೊರೆ. ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ ದಿವಾನ್ ರಂಗಾಚಾರ್ಲು ಅವರು ೧೮೮೩ರ ಜನವರಿಯಲ್ಲಿ ಕಾಲವಾದರು. ಆಗ ೩೭ ವರ್ಷ ವಯಸ್ಸಿನ ಶೇಷಾದ್ರಿ ಅಯ್ಯರವರು ದಿವಾನಗಿರಿಯನ್ನು ವಹಿಸಿಕೊಂಡರು. ಆ ಪದವಿಯಲ್ಲಿ ಅವರು ಇದ್ದದ್ದು ೧೮ ವರ್ಷ. ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಎಡೆಬಿಡದೆ ಆಡಳಿತ ನಡೆಸಿದವರು ವಿರಳ.

ಕ್ಷಾಮವನ್ನು ಕಣ್ಣಾರೆ ಕಂಡ ಅಧಿಕಾರಿಗೆ ನೀರೆಂದರೆ ಹಿಡಿದಿಡಬೇಕಾದ ವಸ್ತು. ಕೆರೆಯ ಏರಿ ಒಡೆಯಬಾರದು, ಹನಿಯೂ ಪೋಲಾಗಬಾರದು, ಕಟ್ಟೆ ಕಟ್ಟಿ ನಿಲ್ಲಿಸಬೇಕು; ಇದು ನಮ್ಮ ರೈತನಿಗೂ ರಾಜನಿಗೂ ಒಂದೇ ಬಗೆಯಾಗಿ ತಿಳಿದ ನೀತಿ. ಶೇಷಾದ್ರಿ ಅಯ್ಯರವರು ಆ ನೀತಿಯಲ್ಲಿಯೇ ಬಹಳ ದೂರ ನಡೆದರು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು ಅವರ ಕಾಲದಲ್ಲಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸವು ೧೮೯೮ರಲ್ಲಿ ಮೊದಲಾದದ್ದೂ ಅವರ ಕಾಲದಲ್ಲಿ.

ಆದರೆ ಕಾವೇರಿಯ ವಿಷಯವೇ ಬೇರೆ. ೧೮೯೨ರಲ್ಲಿ ಮದರಾಸು ಸರ್ಕಾರಕ್ಕೂ ಮೈಸೂರಿಗೂ ಆದ ಒಪ್ಪಂದದ ಮೇರೆಗೆ, ಆ ನದಿಯ ಮೇಲೆ ಮೈಸೂರು ಹೊಸದಾಗಿ ದೊಡ್ಡ ನೀರಾವರಿ ಕೆಲಸಗಳನ್ನು ಮಾಡಬೇಕಾದರೆ ಕೆಳಗಿನವರ ಸಮ್ಮತಿಯನ್ನು ಪಡೆಯಲೇಬೇಕಾಗಿತ್ತು. ತಂಜಾವೂರಿನ ಗದ್ದೆಗಳ ಹೆಸರಿನಲ್ಲಿ ಮೇಲಿನ ಸೀಮೆಯ ಕೈಗೆ ಕಟ್ಟು ಬಿದ್ದಿತ್ತು. ನೀರನ್ನು ನಿಲ್ಲಿಸುವುದೊಂದೇ ಅದರ ಉಪಯೋಗವೆಂದು ಭಾವಿಸಿದ್ದರೆ, ಕಾವೇರಿಯ ಅಧ್ಯಾಯವು ಅಲ್ಲಿಗೇ ಮುಗಿಯಬೇಕಾಗಿತ್ತು. ಎತ್ತರದಿಂದ ಬೀಳುವ ನೀರಿನಿಂದ ಶಕ್ತಿಯನ್ನು ತೆಗೆದುಕೊಂಡರೆ ನೀರು ಒಂದು ಕೊಡದಷ್ಟೂ ಕಡಮೆಯಾಗದು. ತೆಗೆದುಕೊಂಡ ನಂತರ ಅದೇ ನದಿಗೆ ಅದೇ ನೀರನ್ನು ಹಿಂದಿರುಗಿಸಬಹುದು. ನದಿಯಲ್ಲಿ ನೀರಲ್ಲದೆ ಬೀಳುವ ಗುಣವೊಂದು ಪ್ರತ್ಯೇಕವಾಗಿ ಇದೆ, ಅದಕ್ಕೆ ಬೆಲೆ ಇದೆ, ಎಂಬ ಇಷ್ಟೇ ಸಣ್ಣ ವ್ಯತ್ಯಾಸದಲ್ಲಿ ಮುಂದಿನ ಎಲ್ಲವೂ ಅಡಗಿತ್ತು.

ಈ ಎಣಿಕೆಯು ಅವರೊಬ್ಬರ ಮನಸ್ಸಿನಲ್ಲಿಯೇ ಹುಟ್ಟಿತೆಂದು ಹೇಳಿ ನಾವು ಪುರಾಣ ಕಟ್ಟಬಾರದು. ಜರ್ಮನಿಯಲ್ಲಿ ೧೮೯೧ರಲ್ಲಿಯೇ ಲಾಫೆನ್ ಎಂಬ ಊರಿನ ನೀರಿನಿಂದ ತೆಗೆದ ವಿದ್ಯುತ್ತನ್ನು ನೂರು ಮೈಲಿಗೂ ಮೀರಿದ ದೂರದ ಫ್ರಾಂಕ್‌ಫರ್ಟಿಗೆ ಪ್ರದರ್ಶನಾರ್ಥವಾಗಿ ಸಾಗಿಸಿದ್ದರು. ಅಮೆರಿಕದ ನಯಾಗರ ಜಲಪಾತದ ಶಕ್ತಿಯು ೧೮೯೬ರಲ್ಲಿ ಬಫೆಲೋ ನಗರವನ್ನು ಮುಟ್ಟಿತ್ತು. ನಮ್ಮ ದೇಶದಲ್ಲಿಯೇ ಡಾರ್ಜಿಲಿಂಗ್ ಪಟ್ಟಣಕ್ಕೆ ೧೮೯೭ರಲ್ಲಿ ಬೆಟ್ಟದ ತೊರೆಯಿಂದ ದೀಪ ಬಂದಿತ್ತು. ಶಿವನಸಮುದ್ರದ ನೀರಿನ ಬಲವನ್ನು ಕೈಗಾರಿಕೆಗೆ ಬಳಸಿಕೊಳ್ಳಲು ಖಾಸಗಿ ಸಾಹಸಿಗಳು ಅನುಮತಿ ಕೇಳಿದ್ದೂ ಉಂಟು. ಹಾಗಾದರೆ ದಿವಾನರ ಹೆಚ್ಚಳವೇನು?

ಅವರ ಹೆಚ್ಚಳವಿರುವುದು ಎರಡು ಸಂಗತಿಗಳಲ್ಲಿ. ಮೊದಲನೆಯದು, ಶಕ್ತಿಯನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸುತ್ತ ಕೂರದೆ, ಸಂಸ್ಥಾನವೇ ಈ ಕೆಲಸವನ್ನು ಕೈಗೊಳ್ಳತಕ್ಕದ್ದೆಂದು ನಿಶ್ಚಯಿಸಿದ್ದು. ಎರಡನೆಯದು, ಜಲಪಾತದ ಬಳಿಯಲ್ಲಿ ಏನು ಮಾಡಬಹುದೆಂಬ ಪ್ರಶ್ನೆಯನ್ನು ಬಿಟ್ಟು, ಶಕ್ತಿಯು ಎಲ್ಲಿ ಬೇಕಾಗಿದೆಯೆಂದು ಕೇಳಿದ್ದು. ಶಿವನಸಮುದ್ರದ ಸುತ್ತ ಆಗ ಇದ್ದದ್ದು ಕುರುಚಲು ಕಾಡು, ಚಳಿಜ್ವರ ಮತ್ತು ಬಡ ಹಳ್ಳಿಗಳು. ಅಲ್ಲಿ ಯಂತ್ರ ನಡೆಸುವವರಾರು? ಶಕ್ತಿಯನ್ನು ಕೊಳ್ಳುವವರಾರು? ಆದರೆ ೯೨ ಮೈಲಿ ಆಚೆ, ಕೋಲಾರದ ಚಿನ್ನದ ಗಣಿಗಳಲ್ಲಿ, ಕಂಪನಿಗಳು ಹಬೆಯ ಯಂತ್ರಗಳಿಗೆ ಸೌದೆಯನ್ನೂ ದೂರದಿಂದ ತರಿಸಿದ ಕಲ್ಲಿದ್ದಲನ್ನೂ ಸುರಿಯುತ್ತಿದ್ದವು. ಗಣಿಯು ಆಳಕ್ಕೆ ಇಳಿದಂತೆಲ್ಲ ಉರುವಲಿನ ಖರ್ಚು ಏರುತ್ತಿತ್ತು. ಇಲ್ಲಿ ಬೀಳುವ ನೀರು, ಅಲ್ಲಿ ಉರಿಯುವ ಸೌದೆ. ಈ ಎರಡು ಬೇರೆ ಬೇರೆ ಕಡತಗಳನ್ನು ಒಂದೇ ದಾರದಿಂದ ಕಟ್ಟಿದವನೇ ಆಡಳಿತಗಾರ.

ಕೆಲಸವು ಸುಲಭವಾಗಿರಲಿಲ್ಲ. ರಾಯಲ್ ಎಂಜಿನಿಯರ್ಸ್ ದಳಕ್ಕೆ ಸೇರಿದ, ಮೈಸೂರಿನ ಡೆಪ್ಯೂಟಿ ಚೀಫ್ ಎಂಜಿನಿಯರರಾಗಿದ್ದ ಜೋಲಿ ದ ಲಾಟ್ಬಿನಿಯೇರ್ ಎಂಬವರು ಯೋಜನೆಯನ್ನು ಸಿದ್ಧಪಡಿಸಿ, ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಕಾರ್ಯಾಗಾರಗಳನ್ನು ಪರೀಕ್ಷಿಸಿ ಬಂದರು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆಯೂ, ನೀರಿನ ಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯೊಡನೆಯೂ ಒಪ್ಪಂದವಾಯಿತು. ಯಂತ್ರಭಾಗಗಳನ್ನು ರೈಲಿನಿಂದಿಳಿಸಿ ಎತ್ತಿನ ಗಾಡಿಗಳಲ್ಲಿಯೂ ಆನೆಗಳ ಸಹಾಯದಿಂದಲೂ ಕಾಡುದಾರಿಯಲ್ಲಿ ಸಾಗಿಸಿದರು. ತಂತಿಯ ಮೂಲಕ ಅಷ್ಟು ದೂರ ವ್ಯಾಪಾರದ ದೃಷ್ಟಿಯಿಂದ ವಿದ್ಯುತ್ತನ್ನು ಕಳುಹಿಸಿದ ನಿದರ್ಶನಗಳು ಆಗ ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. ಕ್ಷಾಮದಿಂದ ಚೇತರಿಸಿಕೊಂಡು, ೧೮೯೮ರ ಪ್ಲೇಗಿನಿಂದ ಮತ್ತೆ ತತ್ತರಿಸಿದ್ದ ಸಂಸ್ಥಾನವು ಇಂಥ ಹೊಸ ವಿದ್ಯೆಗೆ ಬೊಕ್ಕಸದ ಹಣವನ್ನು ಹಾಕುವುದು ದುಡುಕಲ್ಲವೇ ಎಂಬ ಸಂದೇಹವು ಯಾರಿಗಾದರೂ ಸಹಜ. ಗಣಿ ಕಂಪನಿಗಳಿಂದ ಮೊದಲೇ ಖರೀದಿಯ ಕರಾರನ್ನು ಬರೆಯಿಸಿಕೊಂಡದ್ದೇ ಆ ಸಂದೇಹಕ್ಕೆ ಉತ್ತರವಾಗಿತ್ತು. ಕನಸು ಕಾಣುವವರು ಬಹಳ ಮಂದಿ. ಕನಸಿಗೆ ಕರಾರು ಬರೆಯಿಸುವವರು ಕೆಲವರೇ.

೧೯೦೨ರ ಜೂನ್ ೩೦ರಂದು ಶಿವನಸಮುದ್ರದ ಶಕ್ತಿಯು ಕೋಲಾರದ ಗಣಿಗಳನ್ನು ಸೇರಿತು. ಆದರೆ ಅದನ್ನು ನೋಡುವ ಭಾಗ್ಯ ಶೇಷಾದ್ರಿ ಅಯ್ಯರವರಿಗೆ ಒದಗಲಿಲ್ಲ. ಆರೋಗ್ಯವು ಕೆಟ್ಟು ೧೯೦೧ರ ಮಾರ್ಚಿಯಲ್ಲಿ ಅಧಿಕಾರದಿಂದ ನಿವೃತ್ತರಾದ ಅವರು, ಅದೇ ವರ್ಷದ ಸೆಪ್ಟೆಂಬರ್ ೧೩ರಂದು, ೫೬ ವರ್ಷ ವಯಸ್ಸಿನಲ್ಲಿ, ದೇಹತ್ಯಾಗ ಮಾಡಿದ್ದರು. ೧೯೦೫ರಲ್ಲಿ ಅದೇ ಶಕ್ತಿಯಿಂದ ಬೆಂಗಳೂರಿನ ಬೀದಿಗಳು ಬೆಳಗಿದವು. ಬೇಸಗೆಯಲ್ಲಿ ನದಿ ಬಡವಾದಾಗ ಯಂತ್ರಗಳು ಸೊರಗುವುದನ್ನು ತಪ್ಪಿಸಬೇಕೆಂಬುದೂ ೧೯೧೧ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಗೆ ಒಂದು ಕಾರಣವಾಯಿತು. ಬೀಳುವ ನೀರಿನ ಬೆಲೆಯನ್ನು ತಿಳಿದ ಮೇಲೆಯೇ ನಿಲ್ಲುವ ನೀರಿಗೂ ಹೊಸ ಬಾಗಿಲು ತೆರೆಯಿತೆಂಬುದು ಗಮನಿಸತಕ್ಕ ವಿಷಯ.

ಈ ಮಹನೀಯರಲ್ಲಿ ಕುಂದಿರಲಿಲ್ಲವೆಂದು ಹೇಳಿದರೆ ಚರಿತ್ರೆಯಾಗದು, ಹೊಗಳಿಕೆಯಾದೀತು. ಅಧಿಕಾರವನ್ನು ಅವರು ತಮ್ಮ ಕೈಯಲ್ಲಿಯೇ ಕ್ರೋಡೀಕರಿಸಿಕೊಂಡಿದ್ದರು. ಮದರಾಸಿನ ಕಡೆಯವರಿಗೆ ಮೈಸೂರಿನ ಹುದ್ದೆಗಳು ಹೆಚ್ಚಾಗಿ ದೊರೆಯುತ್ತಿವೆಯೆಂದು ನಾಡಿನ ಜನರು ಅವರ ಕಾಲದಲ್ಲಿ ನೊಂದು ನುಡಿದರು. ಆ ನೋವು ಅಕಾರಣವಾಗಿರಲಿಲ್ಲ. ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯನ್ನು ೧೮೯೧ರಲ್ಲಿ ಏರ್ಪಡಿಸಿದವರೂ ಅವರೇ. ಆದರೂ ದೂರು ನಿಲ್ಲಲಿಲ್ಲ. ಶಕ್ತಿಯ ಮೊದಲ ಫಲವು ಸೇರಿದ್ದೂ ಇಂಗ್ಲಿಷ್ ಬಂಡವಾಳದ ಗಣಿಗಳನ್ನೇ.

ಅದಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದ ಮಾತೊಂದಿದೆ. ಆಗ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮುತ್ತೂರು ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರಿನಲ್ಲಿ ಮಾತ್ರ ಕನ್ನಡ ರಾಜ್ಯಕ್ಕೆ ಮರಳಿತು. ಮೈಸೂರಿನ ದಿವಾನರಿಗೆ ನದಿಯ ಆಚೆ ದಡವು ಪರರಾಜ್ಯ. ಕೊಯಮುತ್ತೂರಿನ ಕಲೆಕ್ಟರರಿಗೆ ಬೆಟ್ಟದ ಆಚೆಯ ಮೂಲೆ. ಜಲಪಾತದ ಭೋರ್ಗರೆತವು ಕೇಳಿಸುತ್ತಿದ್ದ ಗ್ರಾಮಗಳ ಕಡೆಗೆ ಮೊದಲ ತಂತಿಯು ಹರಿಯಲಿಲ್ಲ. ಅದು ಮೂಡಣ ದಿಕ್ಕಿನ ಚಿನ್ನದ ಕಡೆಗೆ ಹರಿಯಿತು. ದೂರವನ್ನು ಕಂಡ ಕಣ್ಣಿಗೆ ಹತ್ತಿರವು ಕಾಣದೆ ಹೋದುದಕ್ಕೆ ಒಬ್ಬ ಮನುಷ್ಯನನ್ನೇ ದೂರಲಾಗದು. ಗಡಿಗಳು ಬರೆಯಲ್ಪಟ್ಟ ಬಗೆಯೂ ಅದಕ್ಕೆ ಕಾರಣ. ಕೋಲಾರದ ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದವು. ಶಿವನಸಮುದ್ರದ ಯಂತ್ರಾಗಾರವು, ಜನರು ಬ್ಲಫ್ ಎಂದು ಕರೆಯುವ ಆ ಕಣಿವೆಯಲ್ಲಿ, ಇನ್ನೂ ಇದೆ. ಕೊಂಡವನು ಹೋದನು, ಕಂಡ ದೃಷ್ಟಿಯು ಉಳಿಯಿತು.

ಈ ಪಾಠವನ್ನು ನಮ್ಮ ಪಟ್ಟಣಿಗರೂ ಅಧಿಕಾರಿಗಳೂ ಇಂದು ಯಾವ ಕಡೆಗೆ ತಿರುಗಿಸಬೇಕು? ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಹೆಸರುಗಳು ಸರ್ಕಾರದ ಕಾಗದಗಳಲ್ಲಿ ಬಂದೊಡನೆ ಹಿಂದುಳಿದದ್ದು ಎಂಬ ಪದವು ತಾನೇ ತಾನಾಗಿ ಪಕ್ಕದಲ್ಲಿ ಬಂದು ಕೂರುತ್ತದೆ. ಮಳೆ ಕಡಮೆ, ಕಾಡು ಹೆಚ್ಚು, ದಾರಿ ದುರ್ಗಮ ಎಂದು ಬರೆದು ಷರಾ ಮುಗಿಸುವುದು ರೂಢಿ. ಇಲ್ಲಿ ಏನಿಲ್ಲವೆಂಬ ಪಟ್ಟಿಯು ಎಷ್ಟು ಉದ್ದವಾದರೂ ಅದರಿಂದ ಒಂದು ದೀಪವೂ ಹೊತ್ತದು. ಇಲ್ಲಿರುವುದು ಎಲ್ಲಿ ಬೇಕಾಗಿದೆ, ಅದರ ಮೊದಲ ಫಲವನ್ನು ಇಲ್ಲಿಯವರಿಗೇ ಸಲ್ಲುವಂತೆ ಮಾಡುವುದು ಹೇಗೆ, ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರೆ ಮಾತ್ರ ದಿವಾನರ ಗುಣವನ್ನು ಕಲಿತು ಅವರ ಕಾಲದ ಕೊರತೆಯನ್ನು ತುಂಬಿದಂತಾಗುತ್ತದೆ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ೧೯೭೦ರ ದಶಕದಲ್ಲಿ, ದೇಶವನ್ನು ಕಳೆದುಕೊಂಡು ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಒಡೆಯರಪಾಳ್ಯದ ಬಳಿ ಕಾಡಂಚಿನ ಭೂಮಿಯನ್ನು ಕೊಡಲಾಯಿತು. ಹಿಮದ ನಾಡಿನ ಜನರು ಈ ಬಿಸಿಲಿನಲ್ಲಿ ಮುಸುಕಿನ ಜೋಳವನ್ನು ಬೆಳೆದು ಊರು ಕಟ್ಟಿ ನಿಂತರು. ಭೂಮಿಯು ಮೊದಲೂ ಅದೇ, ಅನಂತರವೂ ಅದೇ. ಮೂಲೆಯೆಂದು ಬಿಟ್ಟಿದ್ದ ನೆಲವನ್ನು ನೆಲೆಯೆಂದು ಕಂಡವರು ಬಂದರು, ಅಷ್ಟೇ.

ಶೇಷಾದ್ರಿ ಅಯ್ಯರವರ ಪ್ರತಿಮೆಯು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಿಂತಿದೆ. ಅವರ ನಿಜವಾದ ಸ್ಮಾರಕವು ಗಗನಚುಕ್ಕಿಯ ಬಳಿಯಲ್ಲಿದೆ. ಮುಂದಿನ ಸಲ ಆ ದಡದಲ್ಲಿ ನಿಂತು ಜಲಪಾತವನ್ನು ನೋಡುವ ವಾಚಕರು, ಅದರ ಸೌಂದರ್ಯಕ್ಕೆ ಕೈಮುಗಿದ ಮೇಲೆ, ತಮ್ಮ ಊರಿನಲ್ಲಿ ಹಾಗೆಯೇ ದಿನವೂ ಬೀಳುತ್ತ ಯಾರೂ ಬೆಲೆ ಕಟ್ಟದೆ ಇರುವುದು ಯಾವುದೆಂದು ಒಂದು ಗಳಿಗೆ ಯೋಚಿಸಲಿ. ಅಧಿಕಾರದಲ್ಲಿರುವವರು ಎರಡು ಗಳಿಗೆ ಯೋಚಿಸಲಿ.