ಆಲ್ವಾ ಮ್ಯುರ್ಡಾಲ್ ಎಂಬಾಕೆಯ ಚರಿತ್ರೆ

ಸ್ವೀಡನ್ ದೇಶದ ಉಪ್ಸಾಲಾ ಪಟ್ಟಣದಲ್ಲಿ 1902ನೆಯ ಇಸವಿ ಜನವರಿ 31ರಂದು ಆಲ್ವಾ ಜನಿಸಿದಳು. ಆಕೆಯು ಬೆಳೆದ ಎಸ್ಕಿಲ್‌ಸ್ಟೂನಾ ಊರಿನಲ್ಲಿ ಮೇಲ್ತರಗತಿಯ ಶಾಲೆಯು ಗಂಡುಮಕ್ಕಳಿಗೆ ಮಾತ್ರವಿತ್ತು. ಬಾಲಕಿಯು ಕಂದಾಯದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ದುಡಿದು ಹಣ ಕೂಡಿಸಿದಳು. ತಂದೆಯು ಊರಿನ ಹಿರಿಯರೊಡನೆ ಹೆಣಗಿ ಹೆಣ್ಣುಮಕ್ಕಳಿಗೆಂದು ಬೇರೆ ತರಗತಿಯನ್ನು ಏರ್ಪಡಿಸಿದನು. ಅದರ ಶುಲ್ಕವಾದರೋ ಹುಡುಗರದಕ್ಕಿಂತ ಬಹಳ ಹೆಚ್ಚು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗಾದರೂ ಈ ಸಂಗತಿಯು ಹೊಸದಾಗಿ ತೋರದು.

1924ರಲ್ಲಿ ಪದವಿಯನ್ನು ಪಡೆದು, ಅದೇ ವರ್ಷ ಗುನ್ನಾರ್ ಮ್ಯುರ್ಡಾಲ್ ಎಂಬವನನ್ನು ವಿವಾಹವಾದಳು. 1936ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಿಶುಗಳ ಉಪಾಧ್ಯಾಯಿನಿಯರಿಗಾಗಿ ತರಬೇತಿ ಶಾಲೆಯನ್ನು ಸ್ಥಾಪಿಸಿದಳು. 1955ರಿಂದ 1961ರ ವರೆಗೆ ನಮ್ಮ ದೆಹಲಿಯಲ್ಲಿ ಸ್ವೀಡನಿನ ರಾಯಭಾರಿಯಾಗಿದ್ದಳು.

ಆಕೆಯ ಮುಖ್ಯ ಕಾರ್ಯವು ಅರುವತ್ತನೆಯ ವಯಸ್ಸಿನಲ್ಲಿ ಆರಂಭವಾಯಿತು. 1962ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಭೆಗೆ ಸ್ವೀಡನಿನ ಪ್ರತಿನಿಧಿಯಾಗಿ ಹೋದಳು. ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಒಬ್ಬನು ನೆಲದೊಳಗೆ ಗುಟ್ಟಾಗಿ ಸಿಡಿಸಿದರೆ ಮತ್ತೊಬ್ಬನು ತಿಳಿಯುವುದೆಂತು? ಅಮೆರಿಕವು ಸ್ಥಳಕ್ಕೇ ಹೋಗಿ ನೋಡಬೇಕೆಂದಿತು. ರಷ್ಯವು ಅದನ್ನು ಗೂಢಚರ್ಯೆಯೆಂದು ಸಂಶಯಿಸಿತು. ವರ್ಷಕ್ಕೆ ಏಳು ಸಲವೋ ಮೂರು ಸಲವೋ ಎಂಬಲ್ಲಿ ಮಾತು ಸಿಕ್ಕಿಕೊಂಡಿತು. ಸಂತೆಯಲ್ಲಿ ಚೌಕಾಶಿ ಮಾಡುವವರೂ ಇಷ್ಟು ಹಟ ಹಿಡಿಯರೆಂದು ನಮಗೆ ತೋರುತ್ತದೆ.

ಆಲ್ವಾ ಭೌತಶಾಸ್ತ್ರವನ್ನು ಕಲಿತವಳಲ್ಲ. ಆದರೂ ವಿಜ್ಞಾನಿಗಳ ಬಳಿ ಕುಳಿತು ಭೂಕಂಪ ಮಾಪಕದ ವಿಷಯವನ್ನು ಅಭ್ಯಸಿಸಿದಳು. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುತ್ತವೆ; ಸ್ಫೋಟವೋ ಸುತ್ತಲೂ ಹೊರಕ್ಕೆ ನೂಕುತ್ತದೆ. ಎರಡರ ಅಲೆಗಳೂ ಭಿನ್ನ. ಅನೇಕ ದೇಶಗಳು ತಮ್ಮ ಮಾಪಕಗಳ ವರದಿಯನ್ನು ಕೂಡಿಸಿದರೆ ದೂರದಿಂದಲೇ ಬಹುಮಟ್ಟಿಗೆ ಗುರುತಿಸಬಹುದೆಂದು ಆಕೆಯು ವಾದಿಸಿದಳು. 1962ರ ಏಪ್ರಿಲ್ 16ರಂದು ಭಾರತ, ಸ್ವೀಡನ್ ಮೊದಲಾದ ಎಂಟು ದೇಶಗಳು ಕೂಡಿ ಕೊಟ್ಟ ಮನವಿಪತ್ರದಲ್ಲಿಯೂ ಈ ತೆರನಾದ ಸೂಚನೆಯಿತ್ತು. ಇಂಥ ಮಾಪಕಗಳ ಸಾಲೊಂದನ್ನು ಆ ದಶಕದಲ್ಲಿಯೇ ನಮ್ಮ ಗೌರಿಬಿದನೂರಿನಲ್ಲಿ ಸ್ಥಾಪಿಸಿದರೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು.

1963ರ ಆಗಸ್ಟ್ 5ರಂದು ಮಾಸ್ಕೋವಿನಲ್ಲಿ ಒಪ್ಪಂದವಾಯಿತು. ವಾಯುಮಂಡಲ, ಆಕಾಶ, ಜಲ ಇವುಗಳಲ್ಲಿ ಪರೀಕ್ಷೆಯು ನಿಷಿದ್ಧವಾಯಿತು, ನೆಲದೊಳಗಿನದು ಉಳಿಯಿತು. ಆಕೆಯು ಇದಕ್ಕೆ ತೃಪ್ತಳಾಗದೆ 1973ರ ವರೆಗೂ ಅದೇ ಸಭೆಯಲ್ಲಿ ಅದೇ ವಾದವನ್ನು ಹೂಡುತ್ತಲೇ ಇದ್ದಳು. 1982ರಲ್ಲಿ ಮೆಕ್ಸಿಕೋದ ಗಾರ್ಸಿಯಾ ರೋಬ್ಲೆಸ್ ಎಂಬವನೊಡನೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು. 1986ರ ಫೆಬ್ರವರಿ 1ರಂದು, ಎಂಬತ್ತನಾಲ್ಕು ತುಂಬಿದ ಮರುದಿನ, ತೀರಿಕೊಂಡಳು.

ಎಲ್ಲಾ ಪರೀಕ್ಷೆಗಳನ್ನೂ ನಿಷೇಧಿಸುವ ಒಪ್ಪಂದವು 1996ರಲ್ಲಿ ಸಿದ್ಧವಾಯಿತು. ಅವಶ್ಯವಾದ 44 ದೇಶಗಳಲ್ಲಿ ಕೆಲವು ಒಪ್ಪದಿರುವುದರಿಂದ ಅದು ಇನ್ನೂ ಜಾರಿಗೆ ಬಂದಿಲ್ಲ. ನಮ್ಮ ಭಾರತವೂ ರುಜು ಹಾಕಿಲ್ಲ. ಕಾವಲಿಗೆಂದು ಲೋಕವೆಲ್ಲಾ ಹರಡುವಂತೆ 337 ಕೇಂದ್ರಗಳನ್ನು ಗೊತ್ತುಮಾಡಿದರು. ಅವು ಪೂರ್ತಿಯಾಗುವ ಮುಂಚೆಯೇ, 2006ರ ಅಕ್ಟೋಬರ್ 9ರಂದು, ಉತ್ತರ ಕೊರಿಯವು ನೆಲದೊಳಗೆ ಒಂದು ಚಿಕ್ಕ ಬಾಂಬನ್ನು ಸಿಡಿಸಿತು. ಭೂಗೋಲದ ಆಚೆಯ ಬದಿಯಲ್ಲಿ, ಬೊಲಿವಿಯಾ ದೇಶದ ಮಾಪಕದಲ್ಲಿಯೂ ಅದರ ಗೆರೆಯು ಮೂಡಿತು.