ನಡುವೆ ನಿಂತ ಸೇನಾನಿ



ಬಂದೂಕು ಹಿಡಿದವನಲ್ಲಿ ಕರುಣೆ ಇರಲು ಸಾಧ್ಯವೇ? ಕುಡುಮಲಕುಂಟೆಯ ನಮ್ಮ ಬಳಗದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 1938ರ ಏಪ್ರಿಲ್ 25ರಂದು ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಆ ಕಥೆ ಕೇಳಿ ಬೆಳೆದವರಿಗೆ ಈ ಅನುಮಾನ ಸಹಜ. ಆಗೆಲ್ಲ ನಾನು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಬದುಕನ್ನು ಹೇಳುತ್ತೇನೆ.

ಅವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. 1947ರಲ್ಲಿ ದೇಶ ಒಡೆದು ಪಂಜಾಬ್ ಹೊತ್ತಿ ಉರಿದಾಗ ನಿರಾಶ್ರಿತರನ್ನು ಕಾಪಾಡುವ ಹೊಣೆ ಹೊತ್ತ ಸೇನಾಧಿಕಾರಿಗಳಲ್ಲಿ ಅವರೂ ಒಬ್ಬರು. ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದ ಪರಿಶಿಷ್ಟ ಜಾತಿಯವರನ್ನು ಕರೆತರಬೇಕೆಂದು ಬಾಬಾಸಾಹೇಬರು ನೆಹರೂ ಅವರಿಗೆ ಪತ್ರ ಬರೆದದ್ದೂ ಅದೇ ವರ್ಷ.

1953ರಲ್ಲಿ ತಿಮ್ಮಯ್ಯ ಕೊರಿಯಾಕ್ಕೆ ಹೋದರು. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ವಿಚಾರ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಎರಡೂ ಕಡೆಯವರು ಒತ್ತಡ ತಂದರೂ ಕೈದಿಗಳ ಮೇಲೆ ಬಲಪ್ರಯೋಗಕ್ಕೆ ಅವರು ಒಪ್ಪಲಿಲ್ಲ.

1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಆದರೂ 1964ರಲ್ಲಿ ಮತ್ತೆ ಕರೆ ಬಂತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದರು. ಸಾವಿರಾರು ತುರ್ಕರು ಮನೆ ಬಿಟ್ಟು ಬೇರೆ ಕೇರಿಗಳಲ್ಲಿ ಗುಂಪುಗೂಡಿದ್ದರು. ಅವರಿಗೆ ಹೋಗುವ ಸಾಮಾನಿಗೆ ಸರ್ಕಾರ ತಡೆ ಹಾಕಿತ್ತು. ಇನ್ನೊಂದೆಡೆ ತುರ್ಕರು ಹಿಡಿದಿದ್ದ ಕೈರೀನಿಯಾ ರಸ್ತೆಯಲ್ಲಿ ಗ್ರೀಕರು ಓಡಾಡುವಂತಿರಲಿಲ್ಲ.

ಸುಮಾರು 6,000 ಮಂದಿಯ ವಿಶ್ವಸಂಸ್ಥೆಯ ಪಡೆಗೆ ತಿಮ್ಮಯ್ಯ ನಾಯಕರು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವಂತಿಲ್ಲ ಎಂಬುದು ಆ ಪಡೆಯ ನಿಯಮ. ಅವರ ಸೈನಿಕರು ತುರ್ಕರ ಕೇರಿಗಳಿಗೆ ಪರಿಹಾರ ಸಾಮಗ್ರಿ ಮುಟ್ಟಿಸಿದರು. ಗ್ರೀಕರ ವಾಹನಗಳಿಗೆ ಕಾವಲಾಗಿ ಕೈರೀನಿಯಾ ರಸ್ತೆಯಲ್ಲಿ ಸಾಗಿದರು. ರೈತರು ಕೊಯ್ಲು ಮಾಡಲು ಹೊಲಗಳಲ್ಲಿ ಕಾವಲು ನಿಂತರು. ಎಲ್ಲ ಸಾವುಗಳನ್ನೂ ಅವರಿಂದ ತಡೆಯಲಾಗಲಿಲ್ಲ; ದ್ವೀಪ ಇಂದಿಗೂ ಇಬ್ಭಾಗವಾಗಿಯೇ ಇದೆ. ಆದರೆ ಆ ದಿನಗಳಲ್ಲಿ ಅನೇಕ ಮನೆಗಳ ಒಲೆ ಆರಲಿಲ್ಲ.

1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ಅವರು ಸೈಪ್ರಸ್‌ನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಕೊಲ್ಲುವ ಬಯಕೆ ಬೇರೆ, ಕೊಲ್ಲಲೇಬೇಕಾದ ಅನಿವಾರ್ಯ ಬೇರೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಿಡಿಸಿ ಹೇಳಿದ್ದಾರೆ. ಬಯಕೆಯಿಲ್ಲದ ಕೈಯಲ್ಲಿ ಆಯುಧ ಹೇಗಿರುತ್ತದೆ ಎಂಬುದಕ್ಕೆ ತಿಮ್ಮಯ್ಯ ಒಂದು ಉದಾಹರಣೆ.

ಸಾಮಾನಿಗೆ ತಡೆ ಹಾಕುವುದೆಂದರೇನು ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಬಹಿಷ್ಕಾರ ಹಾಕಿದ ಊರಿನಲ್ಲಿ ಅಂಗಡಿಯವನು ಉಪ್ಪು ಕೊಡುವುದಿಲ್ಲ, ಹಿಟ್ಟಿನ ಗಿರಣಿಯವನು ರಾಗಿ ಬೀಸುವುದಿಲ್ಲ, ಕೂಲಿಗೆ ಯಾರೂ ಕರೆಯುವುದಿಲ್ಲ. ಅಂಥ ಕಡೆ ನಡುವೆ ನಿಲ್ಲುವುದೆಂದರೆ ಕೈಕಟ್ಟಿ ನೋಡುವುದಲ್ಲ, ಮುಚ್ಚಿದ ದಾರಿಯನ್ನು ತೆರೆಸುವುದು. ಹಸಿದವರು ನಮ್ಮವರಾಗಲಿ, ನಮ್ಮನ್ನು ದೂರವಿಟ್ಟವರೇ ಆಗಲಿ, ಅನ್ನ ಮುಟ್ಟಿಸುವುದು ಮೈತ್ರಿ.

ಇಂದು ಒಂದು ಗಳಿಗೆ ಯೋಚಿಸೋಣ: ನಮ್ಮ ಬೀದಿಯಲ್ಲಿ ಯಾರ ದಾರಿ ಮುಚ್ಚಿದೆ?

ಭವತು ಸಬ್ಬ ಮಂಗಲಂ.