ಹಂಗಳದಿಂದ ಸಿಂಹಾಸನಕ್ಕೆ: ಚಿಕ್ಕದೇವರಾಜ ಒಡೆಯರು ಮತ್ತು ನಮ್ಮ ಗಡಿಸೀಮೆ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಎದುರಾಗುವುದಕ್ಕೆ ಮೊದಲು, ಹಂಗಳವೆಂಬ ಗ್ರಾಮವಿದೆ. ನಮ್ಮ ಭಕ್ತಾದಿಗಳಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ಆ ಊರನ್ನು ಕಂಡವರೇ. ಆದರೆ ಮೈಸೂರು ಅರಸರಲ್ಲಿ ಅತ್ಯಂತ ಪ್ರಬಲರೆನಿಸಿದವರೊಬ್ಬರು ತಮ್ಮ ಯೌವನದ ದಿನಗಳನ್ನು ಅಲ್ಲಿ ಒಂದು ಬಗೆಯ ಸೆರೆಯಲ್ಲಿ ಕಳೆದರೆಂಬುದನ್ನು ಬಲ್ಲವರು ವಿರಳ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಸೀಮೆಯ ಪೂರ್ವಚರಿತ್ರೆಗೂ ಒಂದು ಸ್ಥಾನವಿರಲೆಂದು ಬಯಸಿ, ಚಿಕ್ಕದೇವರಾಜ ಒಡೆಯರ ಜೀವನವನ್ನು ಇಲ್ಲಿ ನಿರೂಪಿಸಲು ನಾವು ತೊಡಗಿದ್ದೇವೆ.

ಈ ನಾಡು ಪ್ರಾಚೀನಕಾಲದಿಂದಲೂ ಗಡಿನಾಡು. ಒಂದೆಡೆ ವಯನಾಡಿನ ಘಟ್ಟ, ಮತ್ತೊಂದೆಡೆ ನೀಲಗಿರಿ, ಇನ್ನೊಂದೆಡೆ ಕೊಂಗುನಾಡಿಗೆ ಇಳಿಯುವ ಕಣಿವೆಗಳು. ಪುನ್ನಾಟದವರು, ಗಂಗರು, ಹೊಯ್ಸಳರು ಒಬ್ಬರಾದ ಮೇಲೊಬ್ಬರು ಇದನ್ನು ಆಳಿದರು. ತೆರಕಣಾಂಬಿಯು ಇಂದು ಸಾಮಾನ್ಯವಾದ ಒಂದು ಊರಾಗಿ ತೋರಿದರೂ ಹೊಯ್ಸಳರ ಕಾಲದಲ್ಲಿ ದಂಡನಾಯಕರ ನೆಲೆಯಾಗಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವು 1315ರ ಸುಮಾರಿನದು. ಅನಂತರ ಉಮ್ಮತ್ತೂರಿನ ಪಾಳೆಯಗಾರರು ಬಲಿತು, ವಿಜಯನಗರದ ಕೃಷ್ಣದೇವರಾಯನೇ ದಂಡೆತ್ತಿ ಬಂದು ಅವರನ್ನು ಅಡಗಿಸಬೇಕಾಯಿತು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಕೆಲವೇ ವರ್ಷಗಳಲ್ಲಿ ಉಮ್ಮತ್ತೂರು, ತೆರಕಣಾಂಬಿಗಳನ್ನೂ ಸೇರಿಸಿಕೊಂಡರು. ಹೀಗೆ ಈ ಸೀಮೆಯು ಮೈಸೂರಿನ ದಕ್ಷಿಣದ ಬಾಗಿಲಾಯಿತು.

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. ಅವರ ಹದಿನಾಲ್ಕನೆಯ ವಯಸ್ಸಿನಲ್ಲಿ ಕಂಠೀರವ ನರಸರಾಜ ಒಡೆಯರು ಗತಿಸಿ, ಸಿಂಹಾಸನವು ಇವರ ಚಿಕ್ಕಪ್ಪ ದೇವರಾಜ ಒಡೆಯರಿಗೆ ಸಂದಿತು. ತರುಣನಾದ ಅಣ್ಣನ ಮಗ ರಾಜಧಾನಿಯಲ್ಲಿರುವುದು ಅಪಾಯವೆಂದು ಹೊಸ ಅರಸರಿಗೆ ತೋರಿರಬೇಕು. ತಂದೆ ಮಗ ಇಬ್ಬರೂ ಈ ಗಡಿಗೆ ಬಂದರು. ಚಿಕ್ಕದೇವರಾಜರಿಗೆ ಹಂಗಳವೇ ವಾಸವಾಯಿತು. ಕಾವಲಿತ್ತು, ಆದರೆ ಓದಿಗೆ ಅಡ್ಡಿಯಿರಲಿಲ್ಲ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು ಅಲ್ಲಿಯೇ ಅವರ ಸಹಚರರಾದರು. ಶ್ರೀವೈಷ್ಣವರಾದ ತಿರುಮಲಾರ್ಯರು ಬಾಲ್ಯದಿಂದಲೇ ಒಡನಾಡಿಗಳು. ಯಳಂದೂರಿನ ಅರಸು ಮನೆತನದ ದೇವಾಜಮ್ಮಣ್ಣಿಯವರು ಪತ್ನಿಯಾದರು. ತಂದೆಯವರು ಗುಂಡ್ಲುಪೇಟೆಯಲ್ಲಿಯೇ ತೀರಿಕೊಂಡರು. ವಿಜಯನಾರಾಯಣ ದೇವಾಲಯದ ಕಾರಣ ಆ ಊರಿಗೆ ಆಗ ವಿಜಯಪುರವೆಂಬ ಹೆಸರಿತ್ತು.

1673ರಲ್ಲಿ ಚಿಕ್ಕಪ್ಪನವರು ಮೃತರಾದಾಗ ಇಪ್ಪತ್ತೇಳರ ಚಿಕ್ಕದೇವರಾಜರನ್ನು ಕರೆತಂದು ಪಟ್ಟಕ್ಕೇರಿಸಲಾಯಿತು. ಅವರು ಸೆರೆಯ ದಿನಗಳ ಸ್ನೇಹವನ್ನು ಮರೆಯಲಿಲ್ಲ. ವಿಶಾಲಾಕ್ಷ ಪಂಡಿತರನ್ನೇ ಪ್ರಧಾನಿಯನ್ನಾಗಿಸಿದರು. ಮುಂದಿನ ಮೂವತ್ತೊಂದು ವರ್ಷಗಳಲ್ಲಿ ರಾಜ್ಯವು ಈರೋಡು, ಕೊಯಮತ್ತೂರು, ಸೇಲಂ ಸೀಮೆಗಳವರೆಗೂ ಹಬ್ಬಿ, ಗಡಿಯಾಗಿದ್ದ ನಮ್ಮ ನಾಡು ಒಳನಾಡಾಯಿತು. 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನಿಂದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡ ಸಂಗತಿ ಪ್ರಸಿದ್ಧವೇ ಆಗಿದೆ. ಕಾವೇರಿಗೆ ನಾಲೆಗಳು, ಅಂಚೆಯ ವ್ಯವಸ್ಥೆ, ಆಡಳಿತಕ್ಕೆ ಅಠಾರ ಕಚೇರಿ ಎಂಬ ಹದಿನೆಂಟು ಇಲಾಖೆಗಳು ಅವರ ಹೆಸರಿನೊಡನೆ ಸೇರಿವೆ.

ಸಾಹಿತ್ಯದಲ್ಲಿಯಂತೂ ಅವರ ಕಾಲವು ಸಮೃದ್ಧಕಾಲ. ತಿರುಮಲಾರ್ಯರೂ ಚಿಕುಪಾಧ್ಯಾಯರೂ ಆಸ್ಥಾನದಲ್ಲಿ ಗ್ರಂಥಗಳನ್ನು ರಚಿಸಿದರು. ಇವರೆಲ್ಲರಿಗಿಂತ ನಮಗೆ ಹೆಚ್ಚು ಪ್ರಿಯಳಾದವಳು ಯಳಂದೂರಿನ ಹೊನ್ನಮ್ಮ. ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಸೇವಕಿಯಾಗಿದ್ದ ಈಕೆ ಹದಿಬದೆಯ ಧರ್ಮವೆಂಬ ಕಾವ್ಯವನ್ನು ಬರೆದು, ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವವರನ್ನು ನಿರ್ಭಯವಾಗಿ ಪ್ರಶ್ನಿಸಿದಳು. ನಮ್ಮ ಧರ್ಮಕೇಂದ್ರದ ತಾಯಂದಿರು ಅದನ್ನು ಓದಬೇಕೆಂಬುದು ನಮ್ಮ ಆಸೆ.

ಇಷ್ಟನ್ನು ಮಾತ್ರ ಹೇಳಿ ಮುಗಿಸಿದರೆ ಅದು ಚರಿತ್ರೆಯಾಗಲಾರದು, ಹೊಗಳಿಕೆಯಾದೀತು. ಯುದ್ಧಗಳಿಗೆ ಹಣ ಬೇಕಾಗಿತ್ತು. ಬೆಳೆಯ ಆರನೆಯ ಒಂದು ಭಾಗವೇ ರಾಜನ ಪಾಲೆಂಬ ಹಳೆಯ ನಿಯಮವನ್ನು ಮೇಲುನೋಟಕ್ಕೆ ಉಳಿಸಿಕೊಂಡು, ಅದರ ಮೇಲೆ ನಾನಾ ಹೆಸರುಗಳ ಸಣ್ಣ ತೆರಿಗೆಗಳನ್ನು ಹೇರಲಾಯಿತು. ರೈತರು ದಂಗೆಯೆದ್ದರು. ಅವರಿಗೆ ಜಂಗಮರು ಬೆಂಬಲವಾಗಿ ನಿಂತರೆಂದೂ, ಅರಸರು ನಾನ್ನೂರಕ್ಕೂ ಮಿಕ್ಕ ಜಂಗಮರನ್ನು ನಂಜನಗೂಡಿಗೆ ಕರೆಸಿ ವಂಚನೆಯಿಂದ ಕೊಲ್ಲಿಸಿದರೆಂದೂ 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸಿದ ವಿಲ್ಕ್ಸ್ ಬರೆದಿದ್ದಾನೆ. ಅವನು ಬರೆದದ್ದು ನೂರಕ್ಕೂ ಹೆಚ್ಚು ವರ್ಷಗಳ ಅನಂತರ, ಜನರ ಬಾಯಿಂದ ಕೇಳಿ. ಆದ್ದರಿಂದ ಸಂಖ್ಯೆಯನ್ನೂ ವಿವರಗಳನ್ನೂ ಒಪ್ಪದ ವಿದ್ವಾಂಸರಿದ್ದಾರೆ. ಆದರೆ ದಂಗೆಯೇ ಕಟ್ಟುಕಥೆಯೆನ್ನುವಂತಿಲ್ಲ. ಆ ಕಾಲದಲ್ಲಿಯೇ ಮಧುರೆಯ ಮಿಶನ್ನಿನಲ್ಲಿದ್ದ ನಮ್ಮ ಯೇಸುಸಭೆಯ ಗುರುಗಳು ಬರೆದ ಪತ್ರಗಳಲ್ಲಿ ಮೈಸೂರಿನ ಪ್ರಜೆಗಳ ಬಂಡಾಯವೂ ಅದಕ್ಕೆ ಕಾರಣವಾದ ಹಿಂಸೆಯೂ ಉಲ್ಲೇಖವಾಗಿವೆ. ಕಂಠೀರವರ ಕಾಲದಲ್ಲಿ, 1649ರ ಸುಮಾರಿಗೆ, ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದಂದಿನಿಂದ ಈ ರಾಜ್ಯದಲ್ಲಿ ನಮ್ಮವರು ಇದ್ದೇ ಇದ್ದರು. ಹಂಗಳದಲ್ಲಿ ಹಳ್ಳಿಗರ ನಡುವೆ ಹಲವು ವರ್ಷ ಬದುಕಿದ ಅರಸರಿಗೆ ಉಳುವವನ ಕಷ್ಟ ತಿಳಿಯದ್ದೇನಾಗಿರಲಿಲ್ಲ. ತಿಳಿದೂ ಹೀಗೆ ನಡೆದರಲ್ಲ ಎಂಬುದೇ ನಮ್ಮ ಮನಸ್ಸನ್ನು ಬಹಳವಾಗಿ ನೋಯಿಸುವ ಸಂಗತಿ.

ಆ ಕಹಿಯ ಫಲವನ್ನು ವಿಶಾಲಾಕ್ಷ ಪಂಡಿತರು ಉಂಡರು. 1686ರಲ್ಲಿ ಅವರ ಕೊಲೆಯಾಯಿತು; ಜಂಗಮರ ವಿಷಯದಲ್ಲಿ ಅರಸರಿಗೆ ಸಲಹೆ ಕೊಟ್ಟವರೆಂಬ ದ್ವೇಷವೇ ಅದಕ್ಕೆ ಕಾರಣವೆನ್ನುತ್ತಾರೆ. ತಿರುಮಲಾರ್ಯರು ಪ್ರಧಾನಿಯಾದರು.

ಅರಸರು ಹೊನ್ನನ್ನು ಕೂಡಿಹಾಕುತ್ತಲೇ ಹೋದರು. ಪ್ರತಿದಿನವೂ ಎರಡು ಚೀಲ ಹೊನ್ನು ಬೊಕ್ಕಸಕ್ಕೆ ಸೇರಿದ ಮೇಲೆಯೇ ಬೆಳಗಿನ ಆಹಾರವನ್ನು ಸ್ವೀಕರಿಸುತ್ತಿದ್ದರಂತೆ. ಜನರು ಅವರನ್ನು ನವಕೋಟಿ ನಾರಾಯಣರೆಂದು ಕರೆದರು. 1704ರ ನವೆಂಬರ್ 16ರಂದು ಅವರು ತೀರಿಕೊಂಡಾಗ ಆ ಐಶ್ವರ್ಯವೆಲ್ಲವೂ ಹುಟ್ಟಿನಿಂದ ಮೂಕರಾಗಿದ್ದ ಮಗ ಎರಡನೆಯ ಕಂಠೀರವರಿಗೆ ಸಂದಿತು. ಅವರಿಗೆ ಮೂಕರಸರೆಂದೇ ಹೆಸರು.

ತಂದೆಯ ನೆನಪಿಗಾಗಿ ಚಿಕ್ಕದೇವರಾಜರು ಕಟ್ಟಿಸಿದ ಪರವಾಸುದೇವ ದೇವಾಲಯವು ಗುಂಡ್ಲುಪೇಟೆಯಲ್ಲಿದೆ. ಬಹುಕಾಲ ಅದು ಪೂಜೆಯಿಲ್ಲದೆ ಪಾಳುಬಿದ್ದಿತ್ತು. ಅಲ್ಲಿಯ ಉತ್ಸವಮೂರ್ತಿಯನ್ನು ವಿಜಯನಾರಾಯಣ ದೇವಾಲಯದಲ್ಲಿ ಇರಿಸಲಾಯಿತು. ಆ ದಾರಿಯಾಗಿ ಹೋಗುವ ನಮ್ಮ ಯುವಕರು ಒಂದು ಗಳಿಗೆ ನಿಂತು ಆ ಕಲ್ಲುಗಳನ್ನು ನೋಡಿ ಬರಲಿ.